ಹಳೇ ಬೈಕಿಗೆ ಹೊಸ ವೈರಿಂಗ್: ಕಡಿಮೆ ಖರ್ಚಿನಲ್ಲಿ, ಒಂದೇ ಸಲಕ್ಕೆ

ಹಳೇ ಬೈಕಿನ ಕರೆಂಟಿನ ತೊಂದರೆ ಸಾಮಾನ್ಯವಾಗಿ ವೈರಿನ ನಡುವೆ ಇರುವುದಿಲ್ಲ, ತುದಿಯಲ್ಲಿರುತ್ತದೆ. ಕಿಲುಬು ಹಿಡಿದ ಬುಲೆಟ್ ಕನೆಕ್ಟರ್ (ಗುಂಡಿನಾಕಾರದ ವೈರು ತುದಿ), ಪೇಂಟಿನ ಮೇಲೆಯೇ ಬಿಗಿದ ಅರ್ತ್ ರಿಂಗ್ (ಕರೆಂಟು ಬ್ಯಾಟರಿಗೆ ವಾಪಸಾಗುವ ಫ್ರೇಮಿನ ಜೋಡಣೆ), ಹಿಂದಿನ ಮಾಲೀಕರು ತಿರುಚಿ ಟೇಪು ಸುತ್ತಿಬಿಟ್ಟ ಜೋಡಣೆ, ಇವೇ ಮುಖ್ಯ ಅಪರಾಧಿಗಳು. ಹಾಗಾಗಿ ಹಾರ್ನೆಸ್ಸನ್ನು, ಅಂದರೆ ಇಡೀ ಬೈಕಿನ ವೈರುಗಳ ಕಟ್ಟನ್ನು, ಪೂರ್ತಿ ಕಿತ್ತೆಸೆಯುವ ಮೊದಲು ಎರಡು ಪರೀಕ್ಷೆ ಮಾಡಿ. ಇಂಜಿನ್ ಹತ್ತಿರದ ಒಂದು ವೈರನ್ನು ಬೆರಳಿಗೆ ಸುತ್ತಿ ಬಗ್ಗಿಸಿ ನೋಡಿ. ಹೊದಿಕೆ ಬಿರುಕು ಬಿಟ್ಟರೆ ಅದರ ಆಯಸ್ಸು ಮುಗಿದಿದೆ. ಆಮೇಲೆ ಒಂದು ಕನೆಕ್ಟರ್ ಕತ್ತರಿಸಿ ಎರಡು ಸೆಂಟಿಮೀಟರ್ ಹೊದಿಕೆ ಸುಲಿಯಿರಿ. ತಾಮ್ರ ಹೊಳೆಯುತ್ತಿದ್ದರೆ ಒಳ್ಳೆಯದು. ಕಪ್ಪಾಗಿದ್ದರೆ ಇನ್ನಷ್ಟು ಒಳಗೆ ಸುಲಿದು ನೋಡಿ. ಹತ್ತು ಸೆಂಟಿಮೀಟರ್ ಒಳಗೂ ಕಪ್ಪೇ ಇದ್ದರೆ ಆ ವೈರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಎರಡೂ ಪರೀಕ್ಷೆ ಪಾಸಾದರೆ ತುದಿಗಳನ್ನಷ್ಟೇ ಬದಲಿಸಿ, ಅರ್ತ್‌ಗಳನ್ನು ಸರಿಪಡಿಸಿ, ಹೊಸ ಫ್ಯೂಸ್ ಬಾಕ್ಸ್ ಹಾಕಿದರೆ ಸಾಕಾಗಬಹುದು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಯುವುದು ಇಲ್ಲೇ. ಆದರೆ ಬೈಕಿನ ರೂಪವನ್ನೂ ಬದಲಿಸುವವರಿಗೆ ಹಳೇ ಹಾರ್ನೆಸ್ ಅಳತೆಗೆ ಹೊಂದುವುದಿಲ್ಲ. ಮುಂದಿನ ಮಾತೆಲ್ಲ ಅಂಥವರಿಗೆ, ಪರೀಕ್ಷೆಯಲ್ಲಿ ವೈರು ಸೋತವರಿಗೆ.

ಮೊದಲು ರೂಪ, ಆಮೇಲೆ ವೈರು

ಹ್ಯಾಂಡಲ್, ಸೀಟು, ಟೇಲ್ ಲೈಟ್, ಬ್ಯಾಟರಿ ಎಲ್ಲಿ ಕೂರುತ್ತವೆಂದು ತೀರ್ಮಾನವಾಗುವ ತನಕ ಒಂದು ವೈರನ್ನೂ ಕತ್ತರಿಸಬೇಡಿ. ವೈರಿಂಗ್ ಮುಗಿಸಿದ ಮೇಲೆ ಹ್ಯಾಂಡಲ್ ಬದಲಿಸಿದರೆ ಅರ್ಧ ಹಾರ್ನೆಸ್ ಬಿಚ್ಚಬೇಕಾಗುತ್ತದೆ. ಪೇಂಟ್ ಆದ ಮೇಲೆ ಕ್ಲ್ಯಾಂಪಿಗೆ ತೂತು ಕೊರೆಯಬೇಕಾಗಿ ಬಂದರೆ ಪೇಂಟೂ ಹೋಯಿತು. ಎಲ್ಲವನ್ನೂ ಮೊದಲು ಬರಿಯ ಲೋಹದಲ್ಲೇ, ಕೇಬಲ್ ಟೈ ಮತ್ತು ಮಾಸ್ಕಿಂಗ್ ಟೇಪಿನಲ್ಲಿ ತಾತ್ಕಾಲಿಕವಾಗಿ ಜೋಡಿಸಿ ನೋಡಿ. ವೈರಿಂಗ್ ಹಾಕಿ, ಓಡಿಸಿ ನೋಡಿ, ಬಿಚ್ಚಿ, ಪೇಂಟ್ ಮಾಡಿ, ಮತ್ತೆ ಕೂರಿಸಿ. ಕೆಲಸ ದುಪ್ಪಟ್ಟು ಅನ್ನಿಸಿದರೂ ಇದೇ ಅಗ್ಗದ ದಾರಿ.

ಹ್ಯಾಂಡಲ್ ಬದಲಿಸಿದಾಗ ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಸ್ವಿಚ್ಚು ಟ್ಯಾಂಕಿಗೆ ತಾಗಬಾರದು. ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದ್ದರೆ ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ವೇಗ ತಾನಾಗಿಯೇ ಏರುತ್ತದೆ, ಅದು ಅಪಾಯ.

ಹಿಂಬದಿಯ ಫ್ರೇಮ್ ಕತ್ತರಿಸಿ ಸೀಟು ಗಿಡ್ಡ ಮಾಡುವ ಆಸೆ ಹಲವರಿಗೆ ಇರುತ್ತದೆ. ಶಾಕ್ ಅಬ್ಸಾರ್ಬರ್ ಕೂರುವ ಜಾಗಕ್ಕಿಂತ ಮುಂದೆ ಗರಗಸ ಹೋಗಬಾರದು. ಕತ್ತರಿಸುವ ಮೊದಲು ಶಾಕ್‌ಗಳನ್ನು ಕಳಚಿ, ಶಾಕ್ ಪೂರ್ತಿ ಕುಗ್ಗಿದಾಗ ಚಕ್ರ ಏರುವಷ್ಟು ಮೇಲಕ್ಕೆ ಎತ್ತಿ ನೋಡಿ. ಟೈರು ಸೀಟಿನ ತಳಕ್ಕೆ ಮುಟ್ಟಿದರೆ ಅಲ್ಲಿ ಹಾದುಹೋಗುವ ಟೇಲ್ ಲೈಟ್ ವೈರು ಮೊದಲ ಗುಂಡಿಯಲ್ಲೇ ಸವೆಯುತ್ತದೆ. ವೆಲ್ಡಿಂಗ್ ಇದ್ದರೆ ಬ್ಯಾಟರಿ, ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ಯೂನಿಟ್), ಎಲೆಕ್ಟ್ರಾನಿಕ್ ಇಗ್ನಿಷನ್ (ಕಿಡಿ ಹೊಡೆಸುವ ಯೂನಿಟ್) ಎಲ್ಲವನ್ನೂ ಮೊದಲೇ ಕಳಚಿಡಿ.

ಸೀಟಿನಡಿ ಬ್ಯಾಟರಿ ಅಡಗಿಸುವವರು ಸೀಲ್ ಆದ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನೆಳೆಯ ಚಾಪೆ ಹೀರಿಕೊಂಡಿರುವಂಥದ್ದು) ಕೊಳ್ಳಿ. ಅದನ್ನು ಪಕ್ಕಕ್ಕೆ ಮಲಗಿಸಬಹುದು, ತಲೆಕೆಳಗು ಮಾತ್ರ ಮಾಡಬಾರದು. ಆಸಿಡ್ ತುಂಬುವ ಮಾದರಿ ನೇರವಾಗಿಯೇ ನಿಲ್ಲಬೇಕು, ಅದರ ಗಾಳಿ ಕೊಳವೆ ಚೈನಿನಿಂದ ದೂರ ಕೆಳಕ್ಕೆ ಹೋಗಬೇಕು. ಏರ್ ಬಾಕ್ಸ್ (ಗಾಳಿ ಫಿಲ್ಟರಿನ ಪೆಟ್ಟಿಗೆ) ಕಿತ್ತು ಕಾರ್ಬುರೇಟರಿಗೆ ನೇರವಾಗಿ ಸಣ್ಣ ಫಿಲ್ಟರ್ ಸಿಕ್ಕಿಸುವುದು ಚೆಂದ ಕಾಣುತ್ತದೆ, ಆದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಬದಲಿಸುತ್ತ ಕೂರಬೇಕಾಗುತ್ತದೆ. ಬಜೆಟ್ ಬಿಗಿ ಇದ್ದರೆ ಏರ್ ಬಾಕ್ಸ್ ಇರಲಿ. ಬ್ರೇಕು, ಟೈರಿನ ಹಣವನ್ನಂತೂ ಪೇಂಟಿಗೆ ತಿರುಗಿಸಬೇಡಿ.

ವ್ಯಾಟಿನ ಲೆಕ್ಕ

ಹಳೇ ಆಲ್ಟರ್ನೇಟರ್‌ಗಳ ತಾಕತ್ತು ಸೀಮಿತ. ಇಂಜಿನ್ ಬಲದಿಂದ ಕರೆಂಟು ಹುಟ್ಟಿಸುವ ಭಾಗವಿದು. 12 ವೋಲ್ಟಿನ ಸಿಂಗಲ್ ಫೇಸ್ ಮಾದರಿ 5000 ಆರ್‌ಪಿಎಂನಲ್ಲಿ 120 ವ್ಯಾಟ್ ಆಸುಪಾಸು ಕೊಡುತ್ತದೆ, ನಿಂತಲ್ಲಿ ಓಡುವಾಗ ಅದರ ಅರ್ಧವೂ ಬರುವುದಿಲ್ಲ. ಈಗ ವ್ಯಾಟಿನ ಖರ್ಚು ನೋಡಿ: ಹ್ಯಾಲೊಜೆನ್ ಹೆಡ್‌ಲೈಟ್ 60, ಟೇಲ್ 5, ಮೀಟರ್ ದೀಪಗಳು 6, ಇಗ್ನಿಷನ್ ಸುಮಾರು 40. ಒಟ್ಟು 111. ಸಿಗ್ನಲ್ಲಿನಲ್ಲಿ ನಿಂತಾಗ ಇದರ ಮೇಲೆ ಬ್ರೇಕ್ ದೀಪದ 21, ಮಿಟುಕುವ ಇಂಡಿಕೇಟರಿನ ಒಂದಷ್ಟು. ಅಂದರೆ ನಿಂತಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಹೆಡ್‌ಲೈಟನ್ನು 25 ವ್ಯಾಟಿನ ಎಲ್‌ಇಡಿಗೆ, ಉಳಿದ ದೀಪಗಳನ್ನೂ ಎಲ್‌ಇಡಿಗೆ ಬದಲಿಸಿದರೆ ಒಟ್ಟು ಖರ್ಚು 70 ವ್ಯಾಟಿನ ಒಳಗೆ ಬರುತ್ತದೆ. ಆಲ್ಟರ್ನೇಟರ್ ರೀವೈಂಡ್ ಮಾಡಿಸುವುದಕ್ಕಿಂತ ಇದು ಅಗ್ಗ. ಒಂದು ಎಚ್ಚರಿಕೆ: ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹಳೇ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಕುಕ್ಕುತ್ತದೆ, ರಸ್ತೆಗೆ ಬೀಳುವುದು ಕಡಿಮೆ. ಲೆನ್ಸ್ ಸಮೇತ ಪೂರ್ತಿ ಎಲ್‌ಇಡಿ ಯೂನಿಟ್ ಕೊಳ್ಳಿ, ಅದು ನಿಮ್ಮಲ್ಲಿನ ಸಾರಿಗೆ ನಿಯಮಕ್ಕೆ ಒಪ್ಪುತ್ತದೆಯೇ ಎಂದೂ ನೋಡಿ.

ಬೈಕು 6 ವೋಲ್ಟಿನದಾದರೆ ಅಷ್ಟೇ ವ್ಯಾಟಿಗೆ ಎರಡರಷ್ಟು ಕರೆಂಟ್ ಹರಿಯುತ್ತದೆ. ಹಾಗಾಗಿ ವೈರು ಒಂದು ಅಳತೆ ದಪ್ಪ ಬೇಕು, ಕನೆಕ್ಟರ್ ಸ್ವಲ್ಪ ಸಡಿಲವಾದರೂ ದೀಪ ಮಂಕಾಗುತ್ತದೆ. 12ಕ್ಕೆ ಏರಿಸುವುದಾದರೆ ಬ್ಯಾಟರಿ, ರೆಗ್ಯುಲೇಟರ್, ಬಲ್ಬುಗಳು, ಇಗ್ನಿಷನ್ ಕಾಯಿಲ್, ಹಾರ್ನ್, ಇಂಡಿಕೇಟರ್ ಮಿಟುಕಿಸುವ ಫ್ಲ್ಯಾಷರ್ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನು ಮರೆತರೂ ಅದು ಸುಡುತ್ತದೆ.

ಚಾರ್ಜಿಂಗ್ ಗುರುತಿಸುವುದು

ಹೊಸ ರೆಗ್ಯುಲೇಟರ್-ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ಯೂನಿಟ್) ಆರ್ಡರ್ ಮಾಡುವ ಮೊದಲು ಆಲ್ಟರ್ನೇಟರಿನ ತಿರುಗದ ಕಾಯಿಲ್ ಭಾಗವಾದ ಸ್ಟೇಟರಿನಿಂದ ಎಷ್ಟು ವೈರು ಬರುತ್ತವೆಂದು ಎಣಿಸಿ. ಎರಡಿದ್ದರೆ ಸಾಮಾನ್ಯವಾಗಿ ಸಿಂಗಲ್ ಫೇಸ್, ಒಂದೇ ಬಣ್ಣದ ಮೂರಿದ್ದರೆ ತ್ರೀ ಫೇಸ್. ತಿರುಗುವ ಭಾಗವಾದ ರೋಟರಿನಲ್ಲಿ ಅಯಸ್ಕಾಂತದ ಬದಲು ಕಾಯಿಲ್ ಇದ್ದು ಅದಕ್ಕೂ ಕರೆಂಟ್ ಹೋಗುತ್ತಿದ್ದರೆ ಅದು ಬೇರೆಯೇ ಜಾತಿ, ಪರ್ಮನೆಂಟ್ ಮ್ಯಾಗ್ನೆಟ್ಟಿನ ರೆಗ್ಯುಲೇಟರ್ ಅದಕ್ಕೆ ಹೊಂದುವುದಿಲ್ಲ.

ಪರ್ಮನೆಂಟ್ ಮ್ಯಾಗ್ನೆಟ್ ಸ್ಟೇಟರನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ವೈರುಗಳ ನಡುವೆ ಒಂದು ಓಮ್ ಆಸುಪಾಸು ಅಥವಾ ಕಡಿಮೆ, ವೈರಿಗೂ ಇಂಜಿನ್ ಬಾಡಿಗೂ ನಡುವೆ ಸಂಪರ್ಕವೇ ಇಲ್ಲ ಎಂದು ಬರಬೇಕು. ಸಣ್ಣ ಬೈಕುಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಕಾರ್ಖಾನೆಯಲ್ಲೇ ಬಾಡಿಗೆ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಬಾಡಿಗೆ ಸಂಪರ್ಕ ತೋರಿಸುವುದು ದೋಷವಲ್ಲ. ಆದರೆ ಫುಲ್ ವೇವ್ ರೆಗ್ಯುಲೇಟರ್ (ಎಸಿ ಅಲೆಯ ಎರಡೂ ಅರ್ಧ ಬಳಸುವುದು) ಹಾಕುವುದಾದರೆ ಆ ತುದಿಯನ್ನು ಬಾಡಿಯಿಂದ ಬಿಡಿಸಿ, ವೈರು ಕಟ್ಟಿ ಹೊರತರಲೇಬೇಕು.

ಬ್ರಿಟಿಷ್ ಬೈಕಾದರೆ ಬ್ಯಾಟರಿಯ ಯಾವ ತುದಿ ಫ್ರೇಮಿಗೆ ಹೋಗಿದೆ ನೋಡಿ. 1970ರ ದಶಕದವರೆಗೆ ಅನೇಕ ಬ್ರಿಟಿಷ್ ಬೈಕುಗಳಲ್ಲಿ ಪ್ಲಸ್ಸೇ ಅರ್ತ್. ಬ್ರಿಟಿಷ್ ಬಿಡಿಭಾಗ ಕಂಪನಿ ಲ್ಯೂಕಾಸಿನ ಬಣ್ಣ ಪದ್ಧತಿಯಲ್ಲಿ ಕೆಂಪು ವೈರೇ ಅರ್ತ್, ಕಂದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್. ಅದೇ ಹಳೇ ಹೋಂಡಾಗಳಲ್ಲಿ ಕೆಂಪು ಬ್ಯಾಟರಿಯದು, ಹಸಿರು ಅರ್ತ್, ಕಪ್ಪು ಕೀಲಿ ಹಾಕಿದಾಗ ಬರುವ ಕರೆಂಟು. ಕೆಂಪು ಕಂಡ ಕೂಡಲೇ ಪ್ಲಸ್ ಎಂದುಕೊಂಡು ಜೋಡಿಸಿ ರೆಕ್ಟಿಫೈಯರ್ ಸುಟ್ಟುಕೊಂಡವರು ಬೇಕಾದಷ್ಟು ಜನ. ಆಲ್ಟರ್ನೇಟರ್ ಇರುವ ಬೈಕನ್ನು ಮೈನಸ್ ಅರ್ತ್‌ಗೆ ಬದಲಿಸಿಕೊಂಡರೆ ಎಲ್‌ಇಡಿ ಮತ್ತಿತರ ಬಿಡಿಭಾಗ ಸುಲಭವಾಗಿ ಸಿಗುತ್ತವೆ: ಬ್ಯಾಟರಿ ತಿರುಗಿಸಿ, ವೋಲ್ಟೇಜ್ ಏರದಂತೆ ತಡೆಯುವ ಹಳೇ ಜೀನರ್ ಡಯೋಡ್, ರೆಕ್ಟಿಫೈಯರ್ ತೆಗೆದು ಹೊಸ ರೆಗ್ಯುಲೇಟರ್-ರೆಕ್ಟಿಫೈಯರ್ ಹಾಕಿ, ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರು ಮತ್ತು ಆಮೀಟರ್ ವೈರು ಅದಲುಬದಲು ಮಾಡಿ. ಪ್ಲಸ್ ಅರ್ತ್‌ಗೆಂದು ಮಾಡಿದ ಎಲೆಕ್ಟ್ರಾನಿಕ್ ಇಗ್ನಿಷನ್ ಕೂತಿದ್ದರೆ ಅದರ ಸೂಚನೆ ಓದಿಯೇ ಮುಟ್ಟಿ. ಆಲ್ಟರ್ನೇಟರ್ ಬದಲು ಡಿಸಿ ಕರೆಂಟು ಕೊಡುವ ಡೈನಮೋ ಇದ್ದರೆ ಅದನ್ನು ಹೊಸ ಧ್ರುವಕ್ಕೆ ಒಗ್ಗಿಸುವ ಕೆಲಸವೂ ಸೇರುತ್ತದೆ.

ವೈರು ಮತ್ತು ಫ್ಯೂಸು

ವಾಹನಕ್ಕೆಂದೇ ಮಾಡಿದ, ತೆಳು ಹೊದಿಕೆಯ, ಹಲವು ಎಳೆಗಳ ತಾಮ್ರದ ವೈರು ಬೇಕು. ಮನೆಯ ವೈರಿಂಗಿನ ಗಟ್ಟಿ ಎಳೆಯ ವೈರು ಅದುರಿ ಮುರಿಯುತ್ತದೆ. ಮೂರೇ ಅಳತೆ ಸಾಕು. ಇಂಡಿಕೇಟರ್, ಟೇಲ್, ಬ್ರೇಕ್, ಮೀಟರ್ ದೀಪಗಳಿಗೆ 0.5 ಚದರ ಮಿಲಿಮೀಟರ್. ಹೆಡ್‌ಲೈಟ್, ಹಾರ್ನ್, ಇಗ್ನಿಷನ್, ಅರ್ತ್‌ಗಳಿಗೆ 1.0. ಬ್ಯಾಟರಿಯಿಂದ ಮುಖ್ಯ ಫ್ಯೂಸು, ಕೀಲಿ, ರೆಗ್ಯುಲೇಟರ್ ತನಕ 2.0. ಸೆಲ್ಫ್ ಸ್ಟಾರ್ಟ್ ಇದ್ದರೆ ಅದರ ಕೇಬಲ್ 16.

ತೆಳು ಹೊದಿಕೆಯ 0.5ರ ವೈರಿನ ರೇಟಿಂಗ್ 11 ಆಂಪಿಯರ್. ಹಾಗಿದ್ದರೆ 5 ಆಂಪಿಯರಿನ ಹೆಡ್‌ಲೈಟಿಗೆ ಅದೇ ಸಾಲದೇ? ಸುಡುವುದಿಲ್ಲ ನಿಜ, ಆದರೆ ಎರಡು ಮೀಟರ್ ಉದ್ದದಲ್ಲಿ ಸುಮಾರು 0.35 ವೋಲ್ಟ್ ತಿನ್ನುತ್ತದೆ. ಅದರ ಮೇಲೆ ಹಳೇ ಸ್ವಿಚ್ಚು, ನಾಲ್ಕಾರು ಕನೆಕ್ಟರ್ ಸೇರಿದರೆ ಒಂದು ವೋಲ್ಟಿಗೂ ಮೇಲೆ ಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನ ವೋಲ್ಟೇಜ್ ಶೇ. 10 ಕುಸಿದರೆ ಬೆಳಕು ಸುಮಾರು ಶೇ. 30 ಕುಸಿಯುತ್ತದೆ. ಹ್ಯಾಲೊಜೆನ್ನೇ ಇಟ್ಟುಕೊಳ್ಳುವವರು ಡಿಪ್‌ಗೊಂದು, ಹೈ ಬೀಮಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿ: 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹ್ಯಾಂಡಲ್ ಸ್ವಿಚ್ಚಿನ ವೈರು, 85 ಅರ್ತ್‌ಗೆ. ಎಲ್‌ಇಡಿಯಾದರೆ ಕರೆಂಟು ಎರಡೇ ಆಂಪಿಯರ್, ರಿಲೇಯ ಖರ್ಚು ಬೇಡ.

ಉದ್ದ ಅಳೆಯಲು ದಾರ ಬಳಸಿ. ಬೈಕಿನ ಮೇಲೆ ವೈರು ಹೋಗುವ ದಾರಿಯಲ್ಲೇ ದಾರ ಎಳೆದು, ಬಂದ ಉದ್ದಕ್ಕೆ ಶೇ. 15 ಸೇರಿಸಿ ಕೊಳ್ಳಿ. ಒಂದೇ ಬಣ್ಣದ ದೊಡ್ಡ ಸುರುಳಿ ಅಗ್ಗವಾಗಿ ಸಿಗುತ್ತದೆ, ಆದರೆ ಎರಡು ವರ್ಷದ ಮೇಲೆ ರಾತ್ರಿ ರಸ್ತೆ ಬದಿಯಲ್ಲಿ ದೋಷ ಹುಡುಕುವಾಗ ಆ ಉಳಿತಾಯ ಕಣ್ಣೀರು ತರಿಸುತ್ತದೆ. ಕನಿಷ್ಠ ಆರು ಬಣ್ಣ ಇರಲಿ, ಒಂದನ್ನು ಅರ್ತ್‌ಗೆ ಮಾತ್ರ ಮೀಸಲಿಡಿ.

ಅನೇಕ ಹಳೇ ಬೈಕುಗಳಲ್ಲಿ ಇಡೀ ಬೈಕಿಗೆ ಒಂದೇ ಫ್ಯೂಸು. ಟೇಲ್ ಲೈಟ್ ಶಾರ್ಟ್ ಆದರೆ ಇಂಜಿನ್ನೂ ನಿಲ್ಲುತ್ತದೆ, ಹೆಡ್‌ಲೈಟೂ ಆರುತ್ತದೆ. ಅದರ ಬದಲು ಹೀಗೆ ಹಂಚಿ: ಮುಖ್ಯ ಫ್ಯೂಸು 20 ಆಂಪಿಯರ್, ಕಿಕ್ ಮಾತ್ರ ಇರುವ ಸಣ್ಣ ಬೈಕಿಗೆ 15. ಅದರ ಮುಂದೆ ಇಗ್ನಿಷನ್ 10, ಹೆಡ್‌ಲೈಟ್ 10, ಉಳಿದದ್ದಕ್ಕೆಲ್ಲ 10. ಮುಖ್ಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಅರ್ತ್ ಅಲ್ಲದ ತುದಿಯಲ್ಲಿ ಇರಬೇಕು. ಸ್ಟಾರ್ಟರಿನ ದಪ್ಪ ಕೇಬಲ್ ಮಾತ್ರ ಇದರ ಹೊರಗೆ. ಬ್ರಿಟಿಷ್ ಬೈಕಿನ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಕರಗುವ ಮಟ್ಟ. ನಿರಂತರವಾಗಿ ತಡೆಯುವುದು ಸುಮಾರು 17 ಆಂಪಿಯರ್ ಮಾತ್ರ. ಅದರ ಜಾಗದಲ್ಲಿ 35ರ ಬ್ಲೇಡ್ ಫ್ಯೂಸು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಕರಗುತ್ತದೆ.

ಕಟ್ಟುವ ಕ್ರಮ

ಹಳೇ ಹಾರ್ನೆಸ್ ಬಿಚ್ಚುವಾಗ ಪ್ರತಿ ಕನೆಕ್ಟರಿನ ಫೋಟೊ ತೆಗೆದು ಚೀಟಿ ಅಂಟಿಸಿ. ಕಳಚುವಾಗ ಬ್ಯಾಟರಿಯ ಅರ್ತ್ ತುದಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ದೊಡ್ಡ ಹಾಳೆಯಲ್ಲಿ ನಿಮ್ಮದೇ ನಕ್ಷೆ ಬರೆಯಿರಿ, ಪ್ರತಿ ಗೆರೆಯ ಮೇಲೆ ಬಣ್ಣ, ದಪ್ಪ ಬರೆದಿಡಿ. ಕಂಪನಿಯ ನಕ್ಷೆಯಲ್ಲಿ ನಿಮಗೆ ಬೇಡದ ಅರ್ಧ ಸಾಮಾನು ಇರುತ್ತದೆ, ಅದನ್ನು ನೋಡಿಕೊಂಡೇ ವೈರು ಹಾಕಲು ಹೋದರೆ ತಲೆ ಕೆಡುತ್ತದೆ.

1. ಹೆಡ್‌ಲೈಟ್ ಡೂಮ್, ಫ್ಯೂಸ್ ಬಾಕ್ಸ್, ರೆಗ್ಯುಲೇಟರ್, ಕಾಯಿಲ್, ಟೇಲ್ ಲೈಟ್ ಎಲ್ಲವನ್ನೂ ಅವುಗಳ ಕೊನೆಯ ಜಾಗದಲ್ಲಿ ಕೂರಿಸಿ. ರೆಗ್ಯುಲೇಟರ್ ಬಿಸಿಯಾಗುತ್ತದೆ, ಗಾಳಿ ಬರುವಲ್ಲಿ ಲೋಹಕ್ಕೆ ಒತ್ತಿ ಬಿಗಿಯಬೇಕು. ಸೀಟಿನಡಿಯ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಬೇಗ ಸಾಯುತ್ತದೆ.

2. ಅರ್ತ್ ವೈರನ್ನು ಮೊದಲು ಎಳೆಯಿರಿ, ನಂತರ ದಪ್ಪ ವೈರುಗಳು, ಕೊನೆಗೆ ತೆಳುವಾದವು. ಮಾಸ್ಕಿಂಗ್ ಟೇಪಿನಲ್ಲಿ ಗೇಣಿಗೊಂದು ಕಡೆ ಹಿಡಿಸಿ. ಪೂರ್ತಿ ಸುತ್ತುವುದು ಎಲ್ಲ ಪರೀಕ್ಷೆ ಮುಗಿದ ಮೇಲೆ.

3. ಹ್ಯಾಂಡಲ್ ತಿರುಗುವ ಕತ್ತಿನಲ್ಲಿ ವೈರು ಸಡಿಲವಾಗಿ ಬಾಗಿ ಹೋಗಲಿ. ಅಲ್ಲಿ ಬಿಗಿ ಟೈ ಹಾಕಬೇಡಿ, ಹ್ಯಾಂಡಲ್ ಸ್ಟಾಪರಿನ ನಡುವೆ ಸಿಗದಂತೆ ನೋಡಿ. ಹಳೇ ಬೈಕಿನಲ್ಲಿ ವೈರು ಮುರಿಯುವ ಮೊದಲ ಜಾಗ ಇದೇ.

4. ಲೋಹದ ತೂತಿನ ಮೂಲಕ ಹೋಗುವಲ್ಲೆಲ್ಲ ರಬ್ಬರ್ ಗ್ರೋಮೆಟ್ ಇರಲಿ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರವಿರಲಿ.

5. ಸ್ವಿಚ್ಚುಗಳನ್ನು ಎಸೆಯಬೇಡಿ. ತಟ್ಟೆಯಲ್ಲಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಒಳಗಿನ ಸ್ಪ್ರಿಂಗೂ ಗುಂಡೂ ಹಾರಿಹೋಗುತ್ತವೆ. ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು, ತಾಮ್ರದ ಮೇಲಿನ ಕಿಲುಬನ್ನು ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿದರೆ ಹೆಚ್ಚಿನವು ಬದುಕುತ್ತವೆ.

ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನಲ್ಲಿ ಎರಡು ಬಗೆ. ಬ್ಯಾಟರಿ ಇಗ್ನಿಷನ್ನಿನಲ್ಲಿ ಅದು ಕಾಯಿಲಿಗೆ ಹೋಗುವ ಕರೆಂಟನ್ನು ಕಡಿಯುತ್ತದೆ. ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಮತ್ತು ಮ್ಯಾಗ್ನೆಟ್ಟಿನಿಂದ ಓಡುವ ಸಿಡಿಐನಲ್ಲಿ (ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಒಂದು ಬಗೆ) ಕಿಲ್ ವೈರನ್ನು ಅರ್ತ್‌ಗೆ ಮುಟ್ಟಿಸಿ ಇಂಜಿನ್ ನಿಲ್ಲಿಸುತ್ತದೆ. ಎರಡನೇ ಬಗೆಯ ವೈರಿಗೆ ತಪ್ಪಿ 12 ವೋಲ್ಟ್ ಕೊಟ್ಟರೆ ಸಿಡಿಐ ಹೋಗುವ ಸಂಭವವೇ ಹೆಚ್ಚು.

ಕ್ರಿಂಪು

ಲೋಹದ ಟರ್ಮಿನಲ್ಲನ್ನು ವೈರಿನ ತುದಿಗೆ ಒತ್ತಿ ಕೂರಿಸುವುದೇ ಕ್ರಿಂಪು. ಅದಕ್ಕೆ ಖರ್ಚು ಮಾಡಲೇಬೇಕಾದ ಸಾಮಾನು ಇದು: ರ‍್ಯಾಚೆಟ್ ಕ್ರಿಂಪಿಂಗ್ ಟೂಲ್. ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಹೊದ್ದ ಟರ್ಮಿನಲ್ ಬಿಟ್ಟು, ಎರಡು ಜೊತೆ ರೆಕ್ಕೆಗಳಿರುವ ಬರಿ ಹಿತ್ತಾಳೆಯ ಟರ್ಮಿನಲ್ ತನ್ನಿ. ಮುಂದಿನ ಜೊತೆ ತಾಮ್ರವನ್ನು ಹಿಡಿಯುತ್ತದೆ, ಹಿಂದಿನ ಜೊತೆ ಹೊದಿಕೆಯನ್ನು. ಅದುರುವಿಕೆಯ ಪೆಟ್ಟು ತಾಮ್ರಕ್ಕೆ ತಾಗದಂತೆ ತಡೆಯುವುದು ಹಿಂದಿನ ಜೊತೆಯೇ. ಸುಲಿಯುವುದು 5 ಮಿಲಿಮೀಟರ್ ಸಾಕು, ಒಂದು ಎಳೆಯೂ ಕತ್ತರಿಸಿಹೋಗಬಾರದು. ರಬ್ಬರ್ ತೋಳನ್ನು ಕ್ರಿಂಪಿಗೆ ಮೊದಲೇ ವೈರಿಗೆ ತೊಡಿಸಿ. ಇದನ್ನು ಎಲ್ಲರೂ ಒಮ್ಮೆ ಮರೆಯುತ್ತಾರೆ. ಆಮೇಲೆ ಎಳೆದು ನೋಡಿ: 1 ಚದರ ಮಿಲಿಮೀಟರಿನ ವೈರಿನ ಕ್ರಿಂಪು ಸುಮಾರು 10 ಕೆಜಿ ಎಳೆತ ತಡೆಯಬೇಕು.

ಕ್ರಿಂಪಿನ ಮೇಲೆ ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಎಂದು ಹೇಳುವವರಿದ್ದಾರೆ. ಕರಗಿದ ಸೀಸ ಎಳೆಗಳ ನಡುವೆ ಮೇಲೇರಿ ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ, ಸೆಟೆದ ಭಾಗ ಮುಗಿಯುವಲ್ಲಿ ಅದುರಿ ಮುರಿಯುತ್ತದೆ. ಬುಲೆಟ್ ಕನೆಕ್ಟರ್ ಕೊಳ್ಳುವಾಗ ಅಳತೆ ನೋಡಿ: ಜಪಾನಿ ಬೈಕುಗಳದ್ದು 3.9 ಮಿಲಿಮೀಟರ್, ಬ್ರಿಟಿಷ್ ಬೈಕುಗಳದ್ದು 4.7.

ಅರ್ತ್

ಹೆಡ್‌ಲೈಟಿನ ಕರೆಂಟು ಫ್ರೇಮಿನ ಮೂಲಕ ವಾಪಸಾಗಲಿ ಎಂದು ಬಿಟ್ಟರೆ ಅದು ಹ್ಯಾಂಡಲ್ ಕತ್ತಿನ ಬೇರಿಂಗುಗಳನ್ನು, ಅವುಗಳ ಗ್ರೀಸನ್ನು ದಾಟಿ ಬರಬೇಕು. ಹ್ಯಾಂಡಲ್ ತಿರುಗಿಸಿದಾಗ ದೀಪ ಮಂಕಾಗುವ ಬೈಕುಗಳ ಗುಟ್ಟು ಇದು. ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಕೊಟ್ಟು, ಎಲ್ಲವನ್ನೂ ಬ್ಯಾಟರಿ ಹತ್ತಿರದ ಒಂದೇ ಬೋಲ್ಟಿಗೆ ತನ್ನಿ. ಅಲ್ಲಿಂದ ಇಂಜಿನ್ನಿಗೊಂದು, ಬ್ಯಾಟರಿಗೊಂದು ದಪ್ಪ ವೈರು. ಬೋಲ್ಟಿನ ಕೆಳಗಿನ ಪೇಂಟನ್ನು ಹೊಳೆಯುವ ತನಕ ಕೆರೆದು, ಬಿಗಿದ ಮೇಲೆ ಗ್ರೀಸ್ ಸವರಿ. ಪೌಡರ್ ಕೋಟಿಂಗಿಗೆ ಕೊಡುವವರು ಈ ಜಾಗವನ್ನೂ ಬೋಲ್ಟು ಕೂರುವ ತಿರುಪುಗಳನ್ನೂ ಮೊದಲೇ ಮುಚ್ಚಿಸಿ. ಚಾಸಿಸ್ ನಂಬರ್ ಓದಲಾಗದಷ್ಟು ದಪ್ಪ ಬಣ್ಣ ಕೂತರೆ ಕಾಗದಪತ್ರದ ಕಷ್ಟ ಬೇರೆ.

ಪರೀಕ್ಷೆ ಸುಲಭ. ಹೆಡ್‌ಲೈಟ್ ಹೊತ್ತಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಬಲ್ಬಿನ ಅರ್ತ್‌ಗೆ ಹಿಡಿಯಿರಿ. 0.1 ವೋಲ್ಟ್ ಆಸುಪಾಸು ಬಂದರೆ ಚೆನ್ನ, 0.3 ದಾಟಿದರೆ ಎಲ್ಲೋ ಕೆರೆಯುವುದು ಬಾಕಿ ಇದೆ.

ಎಲ್‌ಇಡಿ ಇಂಡಿಕೇಟರಿನ ಎರಡು ಕಿರಿಕಿರಿ

ಹಳೇ ಫ್ಲ್ಯಾಷರ್ ಬಲ್ಬಿನ ಕರೆಂಟಿನಿಂದಲೇ ಓಡುತ್ತದೆ. ಎಲ್‌ಇಡಿಗೆ ಅಷ್ಟು ಕರೆಂಟ್ ಬೇಡ, ಹಾಗಾಗಿ ಮಿಟುಕುವುದಿಲ್ಲ ಅಥವಾ ಬಡಬಡನೆ ಮಿಟುಕುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದರೆ ಮುಗಿಯಿತು. ಎರಡನೆಯದು ಹೆಚ್ಚು ಸತಾಯಿಸುವುದು: ಒಂದು ಬದಿ ಒತ್ತಿದರೆ ನಾಲ್ಕೂ ಮಿಟುಕುತ್ತವೆ. ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸೂಚಕ ಬಲ್ಬಿದ್ದರೆ ಅದು ಎರಡೂ ಬದಿಯ ವೈರುಗಳ ನಡುವೆ ಕೂತಿರುತ್ತದೆ, ಕರೆಂಟು ಅದರ ಮೂಲಕವೇ ಆಚೆ ಬದಿಗೆ ನುಗ್ಗುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಎರಡು ತನ್ನಿ. ಎಡದ ವೈರಿಗೊಂದು, ಬಲದ ವೈರಿಗೊಂದು ಜೋಡಿಸಿ, ಬೆಳ್ಳಿಗೆರೆ ಇರುವ ತುದಿಗಳೆರಡನ್ನೂ ಸೇರಿಸಿ ಸೂಚಕ ಬಲ್ಬಿಗೆ ಕೊಡಿ, ಬಲ್ಬಿನ ಇನ್ನೊಂದು ತುದಿ ಅರ್ತ್‌ಗೆ. ಪ್ಲಸ್ ಅರ್ತ್ ಬೈಕಿನಲ್ಲಿ ಡಯೋಡುಗಳ ದಿಕ್ಕು ತಿರುಗುಮುರುಗು.

ಮೊದಲ ಕರೆಂಟು

ಫ್ಯೂಸ್ ಹಾಕಿ ನೇರವಾಗಿ ಬ್ಯಾಟರಿ ಜೋಡಿಸಬೇಡಿ. ಮುಖ್ಯ ಫ್ಯೂಸಿನ ಜಾಗದಲ್ಲಿ 12 ವೋಲ್ಟ್ 21 ವ್ಯಾಟಿನ ಹಳೇ ಬ್ರೇಕ್ ಬಲ್ಬೊಂದನ್ನು ಎರಡು ವೈರಿನಲ್ಲಿ ಸಿಕ್ಕಿಸಿ. ಎಲ್ಲೇ ಶಾರ್ಟ್ ಇದ್ದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬು ಪೂರ್ತಿ ಉರಿಯುತ್ತದೆ, ವೈರು ಉರಿಯುವುದಿಲ್ಲ. ಕೀಲಿ ಆಫ್ ಇದ್ದಾಗ ಬಲ್ಬು ಆರಿರಬೇಕು. ಒಂದೊಂದೇ ಸ್ವಿಚ್ಚು ಹಾಕುತ್ತ ಹೋಗಿ. ಟೇಲ್ ಲೈಟಿಗೆ ಮಂದವಾಗಿ ಹೊತ್ತುವುದು ಸಹಜ. ಹೆಡ್‌ಲೈಟ್ ಅಥವಾ ಪಾಯಿಂಟ್ ಇಗ್ನಿಷನ್ನಿಗೆ (ಕಾಂಟ್ಯಾಕ್ಟ್ ಪಾಯಿಂಟ್ ತೆರೆದು ಮುಚ್ಚಿ ಕಿಡಿ ಕೊಡುವ ಹಳೇ ಬಗೆ) ಜೋರಾಗಿ ಹೊತ್ತುವುದೂ ಸಹಜ, ಅವನ್ನು ಕೊನೆಗೆ ನೋಡಿ. ಎಲ್ಲ ಸರಿ ಬಂದ ಮೇಲೆ ಬಲ್ಬು ತೆಗೆದು ಫ್ಯೂಸು ಹಾಕಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ ಮತ್ತೊಮ್ಮೆ ನೋಡಿ.

ಇಂಜಿನ್ ಶುರು ಮಾಡಿ 3000ದಿಂದ 4000 ಆರ್‌ಪಿಎಂನಲ್ಲಿ ಬ್ಯಾಟರಿ ತುದಿಗಳ ವೋಲ್ಟೇಜ್ ಅಳೆಯಿರಿ. 14.0ರಿಂದ 14.5 ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಅಥವಾ ಅದರ ಅರ್ತ್ ಸರಿಯಿಲ್ಲ, ಹಾಗೇ ಓಡಿಸಿದರೆ ಬ್ಯಾಟರಿ ಕುದಿಯುತ್ತದೆ. 13ರ ಕೆಳಗೇ ನಿಂತರೆ ಸ್ಟೇಟರಿನ ಕನೆಕ್ಟರ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಅಲ್ಲೇ ಸಂಪರ್ಕ ಸಡಿಲ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಬೈಕು ಮಿಸ್ ಹೊಡೆದರೆ ಯೂನಿಟ್ಟನ್ನು ಬೈಯುವ ಮೊದಲು ಪ್ಲಗ್ ಕ್ಯಾಪ್ ನೋಡಿ. 5 ಕಿಲೋ ಓಮ್ ರೆಸಿಸ್ಟರ್ ಇರುವ ಕ್ಯಾಪ್ ಇಲ್ಲದಿದ್ದರೆ ಕಿಡಿಯ ಗದ್ದಲವೇ ಯೂನಿಟ್ಟನ್ನು ಗಲಿಬಿಲಿಗೊಳಿಸುತ್ತದೆ.

ಕೊನೆಗೆ ಕೀಲಿ ಆಫ್ ಮಾಡಿ, ಬ್ಯಾಟರಿಯ ಅರ್ತ್ ವೈರು ಬಿಚ್ಚಿ ಆ ನಡುವೆ ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಸೋರಿಕೆ ನೋಡಿ. ಗಡಿಯಾರ, ಅಲಾರಾಂ ಇಲ್ಲದ ಬೈಕಿನಲ್ಲಿ ಒಂದೆರಡು ಮಿಲಿಆಂಪಿಯರಿಗಿಂತ ಹೆಚ್ಚು ಬರಬಾರದು. ಬಂದರೆ ಮೊದಲು ರೆಗ್ಯುಲೇಟರ್ ಕಳಚಿ ನೋಡಿ. ಇದೂ ಮುಗಿದ ಮೇಲೆ ಹಾರ್ನೆಸ್ಸಿಗೆ ಅಂಟಿಲ್ಲದ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಅರ್ಧ ಅಗಲ ಒಂದರ ಮೇಲೊಂದು ಬರುವಂತೆ ಸುತ್ತಿ. ಸುತ್ತು ಮುಗಿಯುವ ತುದಿಗೆ ಮಾತ್ರ ಒಂದಿಂಚು ಅಂಟಿನ ಟೇಪು. ಬಿಡಿ ಫ್ಯೂಸು ಎರಡು, ಆ 21 ವ್ಯಾಟಿನ ಬಲ್ಬು, ನಕ್ಷೆಯ ಒಂದು ಪ್ರತಿ ಸೀಟಿನಡಿ ಇರಲಿ. ಮೊದಲ ಇನ್ನೂರು ಕಿಲೋಮೀಟರ್ ಆದ ಮೇಲೆ ಬ್ಯಾಟರಿ ತುದಿಗಳನ್ನೂ ಅರ್ತ್ ಬೋಲ್ಟನ್ನೂ ಮತ್ತೆ ಬಿಗಿದು ನೋಡಿ.